ಮನುಷ್ಯ, ಒಂದು ನಗ

ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬ ಮೇಲಿನ ಹಲಗೆಯಿಂದ ನೆಲಕ್ಕಿಳಿದ ದಿನವೇ ನನಗೆ ವಿಷಯ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಅಮ್ಮನಷ್ಟು ಎತ್ತರವಿಲ್ಲದ ನಾನು, ಇನ್ನು ಮುಂದೆ ಸ್ಟೂಲು ಹತ್ತದೆ ಕೂತಲ್ಲಿಂದಲೇ ಸಕ್ಕರೆ ಕದಿಯಬಹುದು ಎಂದು ಖುಷಿಪಟ್ಟೆ. ಅದಾದ ವಾರಕ್ಕೆ ಕಾಫಿಪುಡಿ ಇಳಿಯಿತು. ಆಮೇಲೆ ಹುಣಸೆಹಣ್ಣಿನ ಜಾಡಿ, ಆಮೇಲೆ ಉಪ್ಪಿನಕಾಯಿ. ಕೊನೆಗೆ ಆ ಹಲಗೆಯ ಮೇಲೆ ಉಳಿದದ್ದು ಹೋದ ವರ್ಷದ ಕ್ಯಾಲೆಂಡರ್ ಮತ್ತು ಒಂದು ಹಲ್ಲಿ. ನಾನು ಮೂರು ಡಬ್ಬ ಎಡವಿ, ನಾಲ್ಕನೆಯದರ ಮೇಲೆ ಕೂತ ಮೇಲೆ ಕೇಳಿದೆ.

“ಏನಮ್ಮ ಇದು, ಸಂತೆ ಥರ ನೆಲದ ಮೇಲೆ ಹರಡ್ಕೊಂಡಿದ್ದೀಯ?”

“ಬಲಗೈ ಮೇಲಕ್ಕೆ ಹೋಗ್ತಿಲ್ಲ ಕಣೋ. ಭುಜ ಹಿಡ್ಕೊಂಡೈತೆ. ನೀನು ನೋಡ್ಕೊಂಡು ಓಡಾಡು, ಕಣ್ಣು ಮೊಬೈಲ್ ಒಳಗಿಟ್ಕೊಂಡು ತಿರುಗ್ತೀಯ.”

ತ್ಯಾಮಗೊಂಡ್ಲು ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ಇರುವುದು ಅಮ್ಮ, ನಾನು, ಎರಡು ಸೀಮೆಹಸು. ಅಪ್ಪ ಇಲ್ಲವಾಗಿ ಬಹಳ ವರ್ಷವಾಯಿತು. “ನಾಲ್ಕು ಜನದಲ್ಲಿ ದುಡಿಯೋರು ಮೂರು ಜನ, ಉಳಿದೋನು ಇವನು” ಎಂದು ಅಮ್ಮ ನೆಂಟರ ಮುಂದೆ ನನ್ನನ್ನು ಪರಿಚಯಿಸುವುದುಂಟು. ದಿನಾ ಸಂಜೆ ಅವಳು ಕೊಟ್ಟಿಗೆಯ ಮುಂದೆ ಕೂತು, ಮರದ ಕೊರಡಿನ ಮೇಲೆ ಸೀಮೆಹುಲ್ಲನ್ನೂ ಜೋಳದ ಕಡ್ಡಿಯನ್ನೂ ಇಟ್ಟು ಮಚ್ಚಿನಿಂದ ಕೊಚ್ಚುತ್ತಿದ್ದಳು. ಒಂದೊಂದು ಹಸುವಿಗೆ ಒಂದೊಂದು ಕುಕ್ಕೆ. ಇಷ್ಟು ವರ್ಷ ಹಾಗೆ ಕೊಚ್ಚಿ ಕೊಚ್ಚಿ ಭುಜ ಕೈಕೊಟ್ಟಿತ್ತು. ಆಸ್ಪತ್ರೆಯ ಡಾಕ್ಟರು ಗುಳಿಗೆ ಕೊಟ್ಟು, “ಆ ಮಚ್ಚು ಕೆಳಗಿಡಿ, ಭುಜ ತಾನಾಗೇ ಸರಿಹೋಗತ್ತೆ” ಎಂದರಂತೆ. ಅಮ್ಮ ಗುಳಿಗೆ ತಗೊಂಡಳು, ಮಚ್ಚು ಕೆಳಗಿಡಲಿಲ್ಲ.

ನಾನು ಗಂಡುಮಗನಲ್ಲವೇ, ಒಂದು ಸಂಜೆ ಮಚ್ಚು ಕಿತ್ತುಕೊಂಡು ನಾನೇ ಕೂತೆ. ಮೊದಲನೇ ಏಟಿಗೆ ಮಚ್ಚು ಕೊರಡಿಗೆ ಕಚ್ಚಿಕೊಂಡಿತು. ಕೀಳಲು ಕಾಲು ಕೊಟ್ಟು ಎಳೆದೆ. ಮಚ್ಚು ಬರಲಿಲ್ಲ, ಕೊರಡೇ ನನ್ನ ಮೇಲೆ ಬಂತು. ಅರ್ಧ ಗಂಟೆ ಹೋರಾಡಿ ನಾನು ಕತ್ತರಿಸಿದ ಕಡ್ಡಿಗಳಿಂದ ಚಪ್ಪರ ಹಾಕಬಹುದಿತ್ತು. ದೊಡ್ಡ ಹಸು ಕುಕ್ಕೆಯೊಳಗೆ ಮೂತಿ ಇಟ್ಟು, ತೆಗೆದು, ನನ್ನ ಕಡೆ ನೋಡಿದ ನೋಟವನ್ನು ನನ್ನ ಗಣಿತದ ಮೇಷ್ಟ್ರ ಮುಖದಲ್ಲಿ ಮಾತ್ರ ಕಂಡಿದ್ದೆ.

ಮಾರನೇ ದಿನ ನೆಲಮಂಗಲದ ಅಂಗಡಿಗೆ ಹೋಗಿ, ಕರೆಂಟಿನಲ್ಲಿ ಓಡುವ ಮೇವು ಕತ್ತರಿಸುವ ಮೆಷಿನ್ ನೋಡಿದೆ. ಹಸಿರು ಬಣ್ಣ, ಕೆಂಪು ಚಕ್ರ. ಒಂದು ಕಡೆ ಕಂತೆ ತಳ್ಳಿದರೆ ಇನ್ನೊಂದು ಕಡೆ ಅವಲಕ್ಕಿಯ ಹಾಗೆ ಉದುರುತ್ತದೆ. ಜೇಬಿನಲ್ಲಿದ್ದದ್ದನ್ನೆಲ್ಲ ಅಡ್ವಾನ್ಸ್ ಕೊಟ್ಟೆ.

“ಸಂಕ್ರಾಂತಿವರ್ಗೂ ಈ ರೇಟಿಗೆ ಇಟ್ಟಿರ್ತೀನಿ ಗುರು,” ಎಂದ ಅಂಗಡಿಯವನು. “ಆಮೇಲೆ ಕೇಳ್ಬಾರ್ದು.”

“ಸಂಕ್ರಾಂತಿ ಎಲ್ಲಿಗ್ ಬಂತು ಅಣ್ಣ! ಅಷ್ಟರೊಳಗೆ ಎರಡು ತಗೊಂಡೋಗ್ತೀನಿ.”

ಮನೆಗೆ ಬಂದು ಅಮ್ಮನಿಗೆ ಹೇಳಿದೆ, ಪಕ್ಕದ ಮನೆಗೂ ಹೇಳಿದೆ, ಹಾಲಿನ ಡೇರಿಯಲ್ಲಿ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದೆ. ಹಸುಗಳಿಗೆ ಹೇಳುವುದೊಂದು ಬಾಕಿ ಇತ್ತು.

ಆಗ ನಾನು ನೆಲಮಂಗಲದ ಹತ್ತಿರ, ತುಮಕೂರು ಹೈವೇ ಪಕ್ಕದ ಒಂದು ಗೋಡೌನ್‌ನಲ್ಲಿ ಗುಮಾಸ್ತ. ಸೋಪಿನಿಂದ ಮಿಕ್ಸಿವರೆಗೆ ಎಲ್ಲ ಮಾಲೂ ಅಲ್ಲಿಗೆ ಬಂದು, ಅಲ್ಲಿಂದ ಲಾರಿ ಹತ್ತಿ ಹೋಗುತ್ತಿತ್ತು. ನನ್ನ ಕೆಲಸ ಗೇಟ್ ಪಾಸ್ ಬರೆಯುವುದು. ಆ ಗೋಡೌನ್‌ನಲ್ಲಿ ಪಾಸ್ ಇಲ್ಲದೆ ಒಂದು ಕಡ್ಡಿಪೆಟ್ಟಿಗೆಯೂ ಗೇಟು ದಾಟುವಂತಿರಲಿಲ್ಲ. ಒಂದು ಪಾಸಿಗೆ ಮೂರು ಪ್ರತಿ, ನಡುವೆ ಕಾರ್ಬನ್. ಬಿಳಿಯದು ಮಾಲಿನ ಜೊತೆ ಹೋಗುತ್ತದೆ, ಗುಲಾಬಿ ಬಣ್ಣದ್ದು ಆಫೀಸಿಗೆ, ಹಳದಿಯದು ಗೇಟಿನಲ್ಲಿ ಕೂತ ಸೆಕ್ಯೂರಿಟಿ ತಾತನ ಪುಸ್ತಕದಲ್ಲೇ ಉಳಿಯುತ್ತದೆ. ಮಾಲಿನ ಹೆಸರು, ಎಷ್ಟು ನಗ (ಅಂದರೆ ಎಷ್ಟು ಪೀಸು), ಸ್ಥಿತಿ, ವಾಹನದ ನಂಬರು, ಷರಾ. ಕೆಳಗೆ ಎರಡು ಚೌಕ: ‘ವಾಪಸ್ ಬರುವ ಮಾಲು’, ‘ವಾಪಸ್ ಬಾರದ ಮಾಲು’. ಯಾವುದಾದರೂ ಒಂದಕ್ಕೆ ಟಿಕ್ ಹಾಕಬೇಕು. ಬೇರೆ ಗೋಡೌನಿಗೆ ಎರವಲು ಹೋಗುವ ಮರದ ಹಲಗೆಗಳು ವಾಪಸ್ ಬರುವ ಮಾಲು, ಸೋಪು ಬಾರದ ಮಾಲು.

ಪಾಸಿನ ಮೇಲೆ ಮ್ಯಾನೇಜರ್ ಸಹಿ ಬೇಕು. ನಮ್ಮ ಮ್ಯಾನೇಜರಿಗೆ ಸಹಿ ಹಾಕುವುದೆಂದರೆ ಸೊಳ್ಳೆ ಹೊಡೆದಷ್ಟು ಸಲೀಸು. ಸಂಜೆ ಲಾರಿಗಳು ಹೊರಡುವ ಮುಂಚೆ ನಾನು ಪುಸ್ತಕ ತೆಗೆದುಕೊಂಡು ಹೋಗಿ ಪುಟ ತಿರುಗಿಸುತ್ತಾ ನಿಲ್ಲಬೇಕು, ಅವರು ಫೋನ್ ಕಿವಿಗಿಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತಾ, ಒಂದೇ ಸಮನೆ ಗೀಚಿಕೊಂಡು ಹೋಗಬೇಕು. ಪೆನ್ನು ನಿಂತರೆ ನಾನು ಪುಟ ತಿರುಗಿಸುವುದು ತಡ ಮಾಡಿದ್ದೇನೆ ಎಂದರ್ಥ. ಹಮಾಲರು ತಮಾಷೆ ಮಾಡುತ್ತಿದ್ದರು: “ಗೋಡೌನ್ ಮೇಲಿನ ಶೀಟ್ ಬಿಚ್ಕೊಂಡೋಗ್ತೀವಿ ಅಂತ ಬರೀರಿ ಗುರು, ಅದಕ್ಕೂ ಹಾಕ್ತಾರೆ.”

ಇರುವ ಕೆಲಸ ಬಿಟ್ಟದ್ದು ಹಾಲಿನ ಕಾರಣಕ್ಕೆ. ನನ್ನ ಪಾಳಿಯನ್ನು ಅವರು ಸಂಜೆಗೆ ಹಾಕಿಬಿಟ್ಟರು. ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿ ನಾನಿಲ್ಲ, ಇರುವುದು ಅಮ್ಮನ ಎಡಗೈ ಮಾತ್ರ. ದಾಬಸ್‌ಪೇಟೆ ಕಡೆ ಇನ್ನೊಂದು ಗೋಡೌನ್‌ನಲ್ಲಿ ಬೆಳಗಿನ ಪಾಳಿಯ ಕೆಲಸ ಸಿಕ್ಕಿತು. ಈ ಮ್ಯಾನೇಜರಿಗೆ ಹದಿನೈದು ದಿನ ಮುಂಚೆಯೇ ರಾಜೀನಾಮೆ ಬರೆದುಕೊಟ್ಟೆ. ನನ್ನ ನೇಮಕದ ಕಾಗದದಲ್ಲಿ ಹದಿನೈದು ದಿನ ಎಂದೇ ಇತ್ತು.

“ಇಡಪ್ಪಾ ಅಲ್ಲಿ,” ಎಂದರು. ಇಟ್ಟೆ. ಅದರ ಮೇಲೆ ಅವರು ಟೀ ಲೋಟ ಇಟ್ಟರು.

ಬುದ್ಧಿ ಇರುವವನು ಇನ್ನೊಂದು ಪ್ರತಿ ಮಾಡಿ, ‘ತಲುಪಿದೆ’ ಎಂದು ಸಹಿ ಹಾಕಿಸಿಕೊಳ್ಳುತ್ತಾನೆ. ಅರ್ಧ ಬುದ್ಧಿ ಇರುವವನು ಒಂದು ಫೋಟೋನಾದರೂ ಹೊಡೆದುಕೊಳ್ಳುತ್ತಾನೆ. ಆ ದಿನ ಗೇಟಿನ ಮುಂದೆ ನಾನು ತಿಂದ ಬೋಂಡಾದ ಫೋಟೋ ಈಗಲೂ ನನ್ನ ಮೊಬೈಲಿನಲ್ಲಿದೆ, ಮೂರು ಕೋನದಿಂದ. ರಾಜೀನಾಮೆಯದ್ದಿಲ್ಲ.

ಹದಿನೈದು ದಿನ ನಿಯತ್ತಾಗಿ ದುಡಿದೆ. ಕೊನೆಯ ದಿನ ಪಾಸ್ ಪುಸ್ತಕ ಮುಂದಿಟ್ಟುಕೊಂಡು ಕೂತಾಗ ತಲೆಗೆ ಕೋತಿ ಹತ್ತಿತು. ಎಷ್ಟು ಸಾವಿರ ಮಾಲನ್ನು ಪಾಸ್ ಬರೆದು ಕಳಿಸಿದ್ದೇನೆ, ನಾನು ಮಾತ್ರ ಪಾಸ್ ಇಲ್ಲದೆ ಹೋಗುವುದೇ? ಬರೆದೇಬಿಟ್ಟೆ.

ಮಾಲಿನ ಹೆಸರು: ಮನುಷ್ಯ. ನಗ: ಒಂದು. ಸ್ಥಿತಿ: ಬಳಸಿದ್ದು, ಅಲ್ಲಲ್ಲಿ ಗೀರು. ವಾಹನ: ನಡಿಗೆ. ಷರಾ: ರಾಜೀನಾಮೆ ಕೊಟ್ಟು ಹದಿನೈದು ದಿನ ಪೂರೈಸಿದ ಗುಮಾಸ್ತ; ಸ್ಕ್ಯಾನರ್, ಜಾಕೆಟ್, ಬೀರುವಿನ ಕೀ ಒಪ್ಪಿಸಿ ಹೊರಟಿರುವುದು.

ಟಿಕ್ ಹಾಕಿ, ಆ ದಿನದ ನಲವತ್ತು ಪಾಸುಗಳ ನಡುವೆ ಸೇರಿಸಿ ಮ್ಯಾನೇಜರ್ ಮುಂದೆ ನಿಂತೆ. ಒಂದೊಂದೇ ಪುಟ ತಿರುಗಿಸಿದೆ. ನಗು ತಡೆದು ತಡೆದು ಬಿಕ್ಕಳಿಕೆ ಬಂತು. ಮ್ಯಾನೇಜರ್ ಕಿಟಕಿಯ ಕಡೆ ನೋಡುತ್ತಾ ನನಗೂ ಸೋಪಿಗೂ ಒಂದೇ ಸಹಿ ಹಾಕಿದರು.

ಗೇಟಿನಲ್ಲಿ ತಾತ ಕನ್ನಡಕ ಏರಿಸಿ ಓದಿದ. ತಾತನಿಗೆ ಪಾಸ್ ಎಂದರೆ ಪಾಸ್. ಅದರಲ್ಲಿ ನಗು ಬರುವಂಥದ್ದು ಅವನಿಗೇನೂ ಕಾಣಲಿಲ್ಲ.

“ಒಂದು ನಗ. ಸರಿ. ಸಹಿ ಐತೆ. ಸರಿ,” ಎಂದು ಠಪ್ಪನೆ ಸೀಲು ಹೊಡೆದು, ಗಂಟೆ ಬರೆದು, ಬಿಳಿ ಪ್ರತಿ ಹರಿದು ನನ್ನ ಜೇಬಿಗೆ ತುರುಕಿದ. “ಹೋಗ್ಬಾ ಮಗಾ. ಜಾಗ್ರತೆ.”

ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ‘ಅಲ್ಲಲ್ಲಿ ಗೀರು’ ಕೇಳಿ, “ತಲೆ ಒಳಗೆ ಅಂತ ಬರೀಬೇಕಿತ್ತು” ಎಂದಳು. ಆ ಕಾಗದವನ್ನು ಆಮೇಲೆ ನಾನು ಎಲ್ಲಿಟ್ಟೆನೋ ನನಗೆ ಗೊತ್ತಿಲ್ಲ.

ಸಂಬಳದ ದಿನ ಬಂತು, ಸಂಬಳ ಬರಲಿಲ್ಲ. ಹಿಂದಿನ ತಿಂಗಳದ್ದೂ ಇಲ್ಲ, ಈ ಹದಿನೈದು ದಿನದ್ದೂ ಇಲ್ಲ. ಹೊಸ ಕೆಲಸದ ಸಂಬಳ ಬರುವುದು ಸಂಕ್ರಾಂತಿ ಕಳೆದ ಮೇಲೆ. ಫೋನ್ ಮಾಡಿದೆ.

“ಯಾವ ಸಂಬಳ ಕಣಪ್ಪಾ?” ಎಂದರು ಮ್ಯಾನೇಜರ್. “ಹೇಳ್ದೆ ಕೇಳ್ದೆ ಓಡೋದೋನು ನೀನು. ನಮ್ ಲೆಕ್ಕದಲ್ಲಿ ಎರಡು ತಿಂಗಳು ನೋಟಿಸ್. ಲೆಕ್ಕ ಹಾಕಿದ್ರೆ ನೀನೇ ನಮಗೆ ಕೊಡ್ಬೇಕು.”

“ಸಾರ್, ಲೆಟರ್ ಕೊಟ್ಟಿದ್ನಲ್ಲ. ನಿಮ್ ಟೀ ಲೋಟದ ಕೆಳಗೆ...”

“ಯಾವ ಲೆಟರ್? ಯಾವ ಲೋಟ?”

ಫೋನ್ ಇಟ್ಟರು. ನಾನು ಖುದ್ದಾಗಿ ಹೋದೆ. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ ಎಂದು ಗೇಟಿನಿಂದಲೇ ಕಳಿಸಿದರು. ಇನ್ನೊಮ್ಮೆ ಹೋದೆ. ಇನ್ನೂ ಊಟದಲ್ಲೇ ಇದ್ದಾರೆ ಎಂದರು. ಎರಡು ದಿನ ಬಿಡದೆ ಊಟ ಮಾಡುವ ಮನುಷ್ಯನ ಆರೋಗ್ಯ ವಿಚಾರಿಸಿ ವಾಪಸು ಬಂದೆ. ದಾರಿಯಲ್ಲಿ ಮೆಷಿನ್ ಅಂಗಡಿಯ ಮುಂದೆ ಮುಖ ಮುಚ್ಚಿಕೊಂಡು ಹೋಗುತ್ತಿದ್ದೆ. ಒಂದು ದಿನ ಹಾಗೇ ಕರ್ಚೀಫು ಕಟ್ಟಿಕೊಂಡು ಹೋಗುವಾಗ ಅಂಗಡಿಯವನು ಒಳಗಿನಿಂದ, “ಏನ್ ಗುರು, ಎರಡಾ ಒಂದಾ?” ಎಂದು ಕೂಗಿದ. ನನ್ನ ನಡಿಗೆಯೇ ನನಗೆ ಶತ್ರು.

ಆ ಸಂಜೆ ಮನೆಗೆ ಬಂದಾಗ ಅಮ್ಮ ಕೊಟ್ಟಿಗೆಯ ಮುಂದೆ ಕೂತಿದ್ದಳು. ಮಚ್ಚು ಎಡಗೈಗೆ ಬಂದಿತ್ತು. ನೋಯುವ ಬಲಗೈಯಲ್ಲಿ ಕಂತೆ ಹಿಡಿದು, ಅಭ್ಯಾಸವಿಲ್ಲದ ಎಡಗೈಯಲ್ಲಿ ಕೊಚ್ಚುತ್ತಿದ್ದಳು. ಮಚ್ಚು ಬೀಳುವ ಜಾಗಕ್ಕೂ ಬಲಗೈ ಬೆರಳಿಗೂ ನಡುವೆ ಎರಡು ಬೆರಳಗಲ ಇತ್ತು, ಅಷ್ಟೇ. ನನಗೆ ತಮಾಷೆ ಮಾಡಲು ಆಗಲಿಲ್ಲ.

“ಅಮ್ಮ, ಇಡು ಕೆಳಗೆ.”

“ಮೆಷಿನ್ ಬೇಡ ಬಿಡೋ. ಎಡಗೈನೂ ಪಳಗ್ತದೆ. ಆ ಅಡ್ವಾನ್ಸ್ ವಾಪಸ್ ಇಸ್ಕೊಂಡು ನೀನೊಂದು ಜೊತೆ ಬಟ್ಟೆ ತಗೋ, ಹಬ್ಬ ಬಂತು.”

ಅವಳು ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಬಟ್ಟೆ ತಗೋ ಎಂದದ್ದು ತಡೆಯಲಿಲ್ಲ. ಅವಳನ್ನು ಎಬ್ಬಿಸಿ, ಕೊರಡಿನ ಮೇಲೆ ನಾನೇ ಕೊಚ್ಚಿದೆ. ಹಸು ಮೊದಲಿನ ಹಾಗೇ ನೋಡಿತು. ನೋಡಲಿ ಎಂದು ಬಿಟ್ಟೆ.

ಮರುದಿನ ಮಧ್ಯಾಹ್ನ ಹೊಸ ಕೆಲಸ ಮುಗಿಸಿಕೊಂಡು ಮೂರನೇ ಸಲ ಹಳೇ ಗೇಟಿಗೆ ಹೋದೆ. ಈ ಸಲ ಒಳಗೆ ನುಗ್ಗಿಯೇಬಿಡುವುದು ಎಂದು ತೋಳು ಮಡಚಿಕೊಂಡಿದ್ದೆ. ತಾತ ಕೋಲು ಅಡ್ಡ ಇಟ್ಟ.

“ಒಳಕ್ಕೆ ಬಿಡಂಗಿಲ್ಲ ಮಗಾ.”

“ತಾತ, ನಾನು ಕಣೋ! ದಿನಾ ನಿನಗೆ ಬೋಂಡಾ ತಂದುಕೊಟ್ಟೋನು!”

“ಬೋಂಡಾ ಬೇರೆ, ಪಾಸ್ ಬೇರೆ. ನೀನು ಹೊರಕ್ಕೆ ಹೋದ ಮಾಲು. ನನ್ ಪುಸ್ತಕದಾಗೆ ಹಳದಿ ಕಾಗ್ದ ಐತೆ, ಸಾಹೇಬ್ರು ಸಹಿ ಐತೆ, ನನ್ ಸೀಲೈತೆ. ಹೊರಕ್ಕೆ ಹೋದ ಮಾಲು ಒಳಕ್ಕೆ ಬರ್ಬೇಕಂದ್ರೆ ಒಳಕ್ಕೆ ಬರೋ ಪಾಸ್ ಬೇಕು. ಐತಾ?”

ನಾನು ರೇಗಲು ಬಾಯಿ ತೆರೆದವನು ತೆರೆದಂತೆಯೇ ನಿಂತೆ. “ತಾತ, ಇನ್ನೊಂದ್ಸಲ ಹೇಳು. ಯಾರ ಸಹಿ ಐತೆ ಅಂದೆ?”

“ಸಾಹೇಬ್ರುದು ಕಣೋ. ಕಿವುಡಾದ್ಯಾ? ಕೆಲ್ಸ ಬಿಟ್ಟೋಯ್ತಾವ್ನೆ, ಎಲ್ಲಾ ಒಪ್ಪಿಸವ್ನೆ ಅಂತ ಬರ್ದೈತೆ, ಕೆಳಗೆ ಅವ್ರೇ ಗೀಚವ್ರೆ.”

ತಾತನ ಕೆನ್ನೆ ಹಿಂಡಿ ಓಡಿದೆ. ಹೈವೇ ಸರ್ವೀಸ್ ರಸ್ತೆಯಲ್ಲಿ ನಾನು ಓಡುವುದನ್ನು ನೋಡಿ ಒಂದು ಬಸ್ಸು ನಿಲ್ಲದ ಜಾಗದಲ್ಲೂ ನಿಂತಿತು.

ಮನೆಯಲ್ಲಿ ಬಿಳಿ ಪ್ರತಿಗಾಗಿ ಹುಡುಕಾಟ ಶುರುವಾಯಿತು. ಎಲ್ಲ ಪ್ಯಾಂಟಿನ ಜೇಬು ಹೊರಕ್ಕೆ ಬಂದವು. ಹಾಸಿಗೆ ಮಗುಚಿದೆ. ಒಗೆದ ಅಂಗಿಯೊಂದರ ಜೇಬಿನಲ್ಲಿ ಬಿಳಿ ಮುದ್ದೆಯೊಂದು ಸಿಕ್ಕಾಗ ಕಣ್ಣು ಕತ್ತಲಾಯಿತು. ಬಿಡಿಸಿ ನೋಡಿದರೆ ಬಸ್ ಟಿಕೆಟ್ಟು. ಅದಕ್ಕೆ ಮುತ್ತು ಕೊಟ್ಟೆ. ಕೊನೆಗೆ ಕೊಟ್ಟಿಗೆಯ ಹುಲ್ಲನ್ನೂ ಕೆದಕಿದೆ, ಹಸು ತಿಂದಿರಬಹುದೇ ಎಂದು ಅದರ ಬಾಯಿಯನ್ನೂ ನೋಡಿದೆ. ಅಮ್ಮ ಡೇರಿಗೆ ಹಾಲು ಹಾಕಿ ಬಂದು ಬಾಗಿಲಲ್ಲಿ ನಿಂತಳು.

“ಏನ್ ಹುಡುಕ್ತಿದ್ದೀಯ? ಮನೆ ಒಳಗೆ ಆನೆ ಹೊಕ್ಕಂಗೈತೆ.”

“ಅದೇ ಅಮ್ಮ, ಅವತ್ತು ಓದಿದ್ನಲ್ಲ, ಬಿಳಿ ಕಾಗ್ದ...”

“ಸೀಲಿರೋದಾ? ಟ್ರಂಕ್‌ನಲ್ಲೈತೆ.”

ನಮ್ಮಮ್ಮನಿಗೆ ಒಂದು ನಿಯಮವಿದೆ. ಸೀಲು ಬಿದ್ದಿರುವ ಯಾವ ಕಾಗದವನ್ನೂ ಬಿಸಾಕಬಾರದು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಯಾವುದು ಮುಖ್ಯ, ಯಾವುದಲ್ಲ ಎಂದು ಓದಿ ತೀರ್ಮಾನಿಸುವುದಕ್ಕಿಂತ ಸೀಲು ನೋಡಿ ಎತ್ತಿಡುವುದು ಅವಳಿಗೆ ಸುಲಭ. ಟ್ರಂಕಿನಲ್ಲಿ ಹೊಲದ ಪಹಣಿ, ಹಸುವಿನ ವಿಮೆ, ಅಪ್ಪನ ರೇಷನ್ ಕಾರ್ಡು, ನಾನು ಏಳನೇ ಕ್ಲಾಸಿನಲ್ಲಿ ನಪಾಸಾದ ಅಂಕಪಟ್ಟಿ. ಅವುಗಳ ಮೇಲೆ ಮಡಚಿಟ್ಟ ನನ್ನ ಗೇಟ್ ಪಾಸು. ಅದರ ಕೆಳಗೆ ಹದಿನೈದು ದಿನದ ಮಾತಿರುವ ನೇಮಕದ ಕಾಗದ. ಅದಕ್ಕೂ ಸೀಲಿತ್ತು.

ಲೇಬರ್ ಆಫೀಸಿಗೆ ಹೋಗು ಎಂದವರು ಹೊಸ ಗೋಡೌನ್‌ನವರು. ಹೋದೆ. ದೂರು ಬರೆದುಕೊಡಿ ಎಂದರು. ಕೂತು ಬರೆದೆ. ನಾನು ಜೀವಮಾನದಲ್ಲಿ ಬರೆದಿರುವ ಅರ್ಜಿಯೆಲ್ಲ ರಜಾ ಅರ್ಜಿಯೇ. ಆದ್ದರಿಂದ ಕೈ ತನ್ನ ಪಾಡಿಗೆ ತಾನು ಓಡಿತು. ಲೇಬರ್ ಇನ್ಸ್‌ಪೆಕ್ಟರ್ ಮೇಡಂ ಓದುತ್ತಾ ಓದುತ್ತಾ ಕೊನೆಗೆ ನಿಂತರು.

“ಏನಪ್ಪಾ, ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಅಂತ ಬರ್ದಿದ್ದೀಯಲ್ಲ?”

“ಕ್ಷಮಿಸಿ ಟೀಚರ್,” ಎಂದೆ. ಅದನ್ನೂ ಬಾಯಿ ತಾನೇ ಹೇಳಿತು.

ಮೇಡಂ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡರು. ಆಮೇಲೆ ಪಾಸು ಓದಿದರು. ‘ವಾಹನ: ನಡಿಗೆ’ ಎಂಬಲ್ಲಿಗೆ ಬಂದಾಗ ಸೆರಗು ಸಾಲಲಿಲ್ಲ, ಪಕ್ಕದ ಟೇಬಲ್ಲಿನವರನ್ನೂ ಕರೆದು ತೋರಿಸಿದರು. ನಗು ಮುಗಿದ ಮೇಲೆ ಗಂಭೀರವಾಗಿ ಕೂರಿಸಿ ಹೇಳಿದರು.

“ನೋಡು, ಕೆಲಸ ಮಾಡಿದ ದಿನದ ಸಂಬಳ ನಿಂದು. ನೀನು ಬಿಟ್ಟೋದೆ ಅನ್ನೋ ಸಿಟ್ಟಿಗೆ ಅದನ್ನ ಹಿಡ್ಕೊಳ್ಳಂಗಿಲ್ಲ. ಈಗಿನ ಕಾನೂನಲ್ಲಿ ರಾಜೀನಾಮೆ ಕೊಟ್ಟು ಹೋದೋರಿಗೆ ಎರಡು ಕೆಲಸದ ದಿನದೊಳಗೆ ಲೆಕ್ಕ ಮುಗಿಸಿ ಕೊಡ್ಬೇಕು. ಆದ್ರೆ ನೀನೂ ಮುಂದೆ ಲೆಟರ್ ಕೊಟ್ರೆ ಒಂದು ಕಾಪಿ ಮೇಲೆ ಸಹಿ ಹಾಕಿಸ್ಕೋ. ಎಲ್ಲಾ ಸಲ ಹಿಂಗೆ ಕೋತಿ ಚೇಷ್ಟೆ ಕೈ ಹಿಡಿಯಲ್ಲ.”

ಮುಂದಿನ ವಾರ ಮ್ಯಾನೇಜರನ್ನು ಕರೆಸಿದರು. ಸಂಕ್ರಾಂತಿಗೆ ಇನ್ನು ಐದೇ ದಿನ. ಮ್ಯಾನೇಜರ್ ಒಂದು ದಪ್ಪ ಫೈಲು ಹಿಡಿದು ಬಂದರು. ನಾನು ಅಮ್ಮನ ಹಾಲಿನ ಬ್ಯಾಗು ಹಿಡಿದು ಹೋಗಿದ್ದೆ, ಬೇರೆ ಬ್ಯಾಗು ಇರಲಿಲ್ಲ.

“ಮೇಡಂ, ಈ ಹುಡುಗ ಒಂದು ದಿನ ಬೆಳಗ್ಗೆ ನೋಡಿದ್ರೆ ಇಲ್ಲ,” ಎಂದು ಶುರುಮಾಡಿದರು. “ರಾಜೀನಾಮೆ ಇಲ್ಲ, ಚಾರ್ಜ್ ಒಪ್ಪಿಸಿಲ್ಲ. ಸ್ಕ್ಯಾನರ್ ಎಲ್ಲಿ ಅಂತ ನಾವು ಹುಡುಕಾಡಿದ್ವಿ. ಇಂಥೋರಿಗೆಲ್ಲ ಸಂಬಳ ಕೊಡ್ತಾ ಹೋದ್ರೆ ಗೋಡೌನ್ ನಡೆಯತ್ತಾ?”

ಅವರು ಹೇಳುವ ಧಾಟಿ ಎಷ್ಟು ಚೆನ್ನಾಗಿತ್ತೆಂದರೆ, ಒಂದು ಕ್ಷಣ ನನಗೇ ನಾನು ಸ್ಕ್ಯಾನರ್ ಕದ್ದಿರಬಹುದು ಎನಿಸಿತು. ಮೇಡಂ ಬಿಳಿ ಕಾಗದವನ್ನು ಟೇಬಲ್ ಮೇಲೆ ಅವರ ಕಡೆ ತಿರುಗಿಸಿ ಇಟ್ಟರು.

ಮ್ಯಾನೇಜರ್ ತಮ್ಮ ಸಹಿಯನ್ನು ಮೊದಲು ನೋಡಿದರು. ಆಮೇಲೆ ಮೇಲಿನಿಂದ ಓದಿದರು. ತಾವು ಸಹಿ ಹಾಕಿದ ಪಾಸನ್ನು ಅವರು ಓದಿದ್ದು ಬಹುಶಃ ಅದೇ ಮೊದಲು. ಮುಖ ಕೆಂಪಾಯಿತು, ಬಿಳಿಯಾಯಿತು. ಇದ್ದಕ್ಕಿದ್ದಂತೆ ಕಣ್ಣರಳಿತು. ಕೆಳಗಿನ ಚೌಕದ ಮೇಲೆ ಬೆರಳಿಟ್ಟು ಕುಟ್ಟಿದರು.

“ಮೇಡಂ! ಇಲ್ನೋಡಿ! ‘ವಾಪಸ್ ಬರುವ ಮಾಲು’ ಅಂತ ಟಿಕ್ ಹಾಕಿದಾನೆ! ನಾನು ಇದನ್ನ ನೋಡೇ ಸಹಿ ಹಾಕಿದ್ದು. ವಾಪಸ್ ಬರ್ತೀನಿ ಅಂತ ಬರ್ಕೊಟ್ಟು ಹೋದೋನು ವಾಪಸ್ ಬರ್ಲಿಲ್ಲ!”

ಬಗ್ಗಿ ನೋಡಿದೆ. ನಿಜ. ಆ ದಿನವೆಲ್ಲ ಮರದ ಹಲಗೆಗಳ ಪಾಸು ಬರೆದು ಬರೆದು, ಅದೇ ಅಭ್ಯಾಸದಲ್ಲಿ ನನಗೂ ‘ವಾಪಸ್ ಬರುವ’ ಚೌಕಕ್ಕೇ ಟಿಕ್ ಹಾಕಿದ್ದೆ. ತಮಾಷೆ ಮಾಡಲು ಹೋಗಿ ಅದರಲ್ಲೂ ತಪ್ಪು ಮಾಡುವ ಯೋಗ್ಯತೆ ಎಲ್ಲರಿಗೂ ಬರುವುದಿಲ್ಲ. ಮೆಷಿನ್ ಕೆಂಪು ಚಕ್ರ ತಿರುಗಿಸುತ್ತಾ ಬೇರೆ ಯಾರದೋ ಮನೆಗೆ ಹೋಗುವುದು ಕಣ್ಣಿಗೆ ಕಟ್ಟಿತು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ಅಂದ್ರೆ, ಈ ಸಹಿ ನಿಮ್ಮದೇ. ಓದೇ ಹಾಕಿದ್ದೀರ.”

“ಹೌದು ಮೇಡಂ, ಓದದೇ ನಾನು ಯಾವುದಕ್ಕೂ ಸಹಿ...” ಎಂದವರು ಅಲ್ಲಿಗೆ ನಿಂತರು.

“ರಾಜೀನಾಮೆ ಕೊಟ್ಟಿದಾನೆ, ಹದಿನೈದು ದಿನ ಮುಗಿಸಿದಾನೆ, ಸ್ಕ್ಯಾನರ್ ಒಪ್ಪಿಸಿದಾನೆ ಅಂತಲೂ ಇದರಲ್ಲೇ ಇದೆ. ಅದನ್ನೂ ಓದಿರ್ತೀರ.”

“ಆದ್ರೆ ವಾಪಸ್ ಬರ್ಲಿಲ್ವಲ್ಲ ಮೇಡಂ...”

“ಬಂದಿದಾನಲ್ರೀ. ಸಂಬಳ ಕೇಳೋಕೆ ಮೂರು ಸಲ ಬಂದಿದಾನೆ. ನಿಮ್ ಗೇಟಲ್ಲೇ ಒಳಗೆ ಬಿಟ್ಟಿಲ್ಲ.”

ಪಕ್ಕದ ಟೇಬಲ್ಲಿನವರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು. ಮೇಡಂ ನೇಮಕದ ಕಾಗದ ತೆಗೆದು ಹದಿನೈದು ದಿನದ ಸಾಲನ್ನು ತೋರಿಸಿದರು. ಎರಡು ತಿಂಗಳ ನೋಟಿಸಿನ ಮಾತು ದಪ್ಪ ಫೈಲಿನಿಂದ ಹೊರಗೆ ಬರಲೇ ಇಲ್ಲ. ಮ್ಯಾನೇಜರ್ ಎರಡು ದಿನದಲ್ಲಿ ಹಾಕಿಸುತ್ತೇನೆ ಎಂದು ಬರೆದು ಸಹಿ ಮಾಡಿದರು. ಈ ಸಲ ಎರಡು ಸಲ ಓದಿ.

ಹೊರಗೆ ಮೆಟ್ಟಿಲ ಮೇಲೆ ನನ್ನನ್ನು ಕಂಡು ನಿಂತರು. ಬೈಯುತ್ತಾರೆ ಎಂದುಕೊಂಡೆ.

“ಲೋ, ಇನ್ನೇನೇನ್ ಬರ್ದು ಸಹಿ ಹಾಕಿಸ್ಕೊಂಡಿದ್ದೀಯ ನೀನು? ನಿಜ ಹೇಳು.”

“ಇದೊಂದೇ ಸಾರ್. ದೇವ್ರಾಣೆ.”

“ಹಾಳಾದೋನೆ,” ಎಂದು ಎರಡು ಮೆಟ್ಟಿಲು ಇಳಿದವರು ಮತ್ತೆ ತಿರುಗಿದರು. “ಅಲ್ಲಲ್ಲಿ ಗೀರು ಅಂತೆ!” ಅವರ ತುಟಿಯ ಒಂದು ಮೂಲೆ ಮೇಲಕ್ಕೆ ಹೋಗಿದ್ದನ್ನು ನಾನು ಕಂಡೆ. ಈಗ ಅಲ್ಲಿ ಪಾಸಿಗೆ ಸಹಿ ಹಾಕಿಸಲು ಹೋದರೆ ಸಂಜೆ ಏಳಾಗುತ್ತದಂತೆ, ಒಂದೊಂದನ್ನೂ ಓದುತ್ತಾರಂತೆ. ಹಮಾಲರು ನನಗೆ ಶಾಪ ಹಾಕುತ್ತಿದ್ದಾರೆ ಎಂದು ತಾತ ಹೇಳಿದ.

ಸಂಬಳ ಮೂರನೇ ದಿನ ಬಂತು. ಬಂದದ್ದು ಬಂದ ಹಾಗೇ ಅಂಗಡಿಗೆ ಹೋಯಿತು. ಸಂಕ್ರಾಂತಿಯ ಹಿಂದಿನ ದಿನ ಗೂಡ್ಸ್ ಆಟೋದಲ್ಲಿ ಹಸಿರು ಮೆಷಿನ್ ನಮ್ಮ ಬೀದಿಗೆ ಬಂದಾಗ ನಾನು ಅದರ ಪಕ್ಕದಲ್ಲಿ ಮದುವೆ ಗಂಡಿನ ಹಾಗೆ ಕೂತಿದ್ದೆ. ಡೇರಿಯ ಸಾಲಿನವರೆಲ್ಲ ನೋಡಿದರು. ಒಂದೇ ತಂದಿದ್ದೀಯ, ಎರಡು ಅಂದಿದ್ದೆ ಎಂದು ಒಬ್ಬರು ನೆನಪಿಸಿದರು.

ಮೊದಲ ಕಂತೆ ನಾನೇ ತಳ್ಳುತ್ತೇನೆ ಎಂದು ಹಟ ಹಿಡಿದೆ. ಸ್ವಿಚ್ ಹಾಕಿದೆ. ಮೆಷಿನ್ ಗುರ್ ಎಂದಿತು, ದೊಡ್ಡ ಹಸು ಹಗ್ಗ ಕಿತ್ತುಕೊಂಡು ಪಕ್ಕದ ಮನೆಯ ಅವರೆ ಗಿಡದೊಳಗೆ ನುಗ್ಗಿತು. ಅದನ್ನು ಹಿಡಿದು ತರುವಷ್ಟರಲ್ಲಿ ಅಮ್ಮ ಎಡಗೈಯಲ್ಲಿ ಕಂತೆ ಮೆಲ್ಲಗೆ ತಳ್ಳಿ ತಳ್ಳಿ ಎರಡು ಕುಕ್ಕೆ ತುಂಬಿಸಿ, ಸ್ವಿಚ್ ಆರಿಸಿ, ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

“ಇಷ್ಟೇಯಾ?” ಎಂದಳು. ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯದೆ ಅಂಗಳವನ್ನು ಇನ್ನೊಂದು ಸಲ ಗುಡಿಸಿದಳು. ಮಚ್ಚನ್ನು ಒರೆಸಿ ಕೊಟ್ಟಿಗೆಯ ಸೂರಿಗೆ ಸಿಕ್ಕಿಸು ಎಂದು ನನ್ನ ಕೈಗೆ ಕೊಟ್ಟಳು. ಮೆಷಿನ್ನಿನ ಬಿಲ್ಲಿಗೆ ಅಂಗಡಿಯ ಸೀಲಿತ್ತು. ಅದು ಟ್ರಂಕಿಗೆ ಹೋಯಿತು, ನನ್ನ ಪಾಸಿನ ಮೇಲೆ.

ಈಗ ನನಗೆ ಬೆಳಗಿನ ಪಾಳಿ. ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರುತ್ತೇನೆ. ಹೊಸ ಗೋಡೌನ್‌ನಲ್ಲೂ ಗೇಟ್ ಪಾಸೇ ಬರೆಯುತ್ತೇನೆ, ಟಿಕ್ ಹಾಕುವ ಮುಂಚೆ ಎರಡು ಸಲ ನೋಡುತ್ತೇನೆ.

ಹೋದ ಭಾನುವಾರ ಬೆಳಗ್ಗೆ ಕಾಫಿಗೆ ಸಕ್ಕರೆ ಸಾಲದೆ, ಎಂದಿನ ಹಾಗೆ ಒಲೆಯ ಪಕ್ಕ ನೆಲದ ಮೇಲೆ ಕೈಯಾಡಿಸಿದೆ. ಡಬ್ಬ ಇಲ್ಲ. ಕಾಫಿಪುಡಿ ಇಲ್ಲ, ಉಪ್ಪಿನಕಾಯಿ ಇಲ್ಲ.

“ಅಮ್ಮಾ! ಸಕ್ಕರೆ ಯಾರೋ ಕದ್ಬಿಟ್ಟವ್ರೆ!”

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು. “ಕಣ್ಣು ಮೇಲಕ್ಕೆತ್ತಿ ನೋಡೋ. ಇರೋ ಜಾಗದಲ್ಲೇ ಐತೆ.”

ನೋಡಿದೆ. ಮೇಲಿನ ಹಲಗೆಯಲ್ಲಿ ಡಬ್ಬಗಳು ಸಾಲಾಗಿ ಕೂತಿದ್ದವು. ನಾನು ಸ್ಟೂಲು ಹುಡುಕಲು ಹೋದೆ.